ಒಂದೇ ಫೈಲಿನಲ್ಲಿ ಎರಡು ಎನ್‌ಕೋಡಿಂಗ್: ಸಾಫ್ಟ್‌ವೇರ್ ದಾಖಲೆಗಳನ್ನು ಕೆಡಿಸದೆ ಯುಟಿಎಫ್-8ಕ್ಕೆ ತರುವುದು ಹೇಗೆ?

ಪದೇ ಪದೇ ಬರುವ ಪ್ರಶ್ನೆ ಇದು: "ಹಳೆಯ ಚೇಂಜ್‌ಲಾಗ್ (ಆವೃತ್ತಿಗಳ ಬದಲಾವಣೆಯ ಪಟ್ಟಿ) ಫೈಲನ್ನು ಯುಟಿಎಫ್-8ಕ್ಕೆ ಬದಲಾಯಿಸಿದೆ. ಕೆಟ್ಟಿದ್ದ ಕೆಲವು ಹೆಸರು ಸರಿಹೋದವು. ಆದರೆ ಮೊದಲು ಸರಿಯಾಗಿದ್ದ ಹೆಸರುಗಳೇ ಈಗ ಕೆಟ್ಟಿವೆ. ಯಾಕೆ?"

ಆ ಫೈಲಿನಲ್ಲಿ ಇದ್ದದ್ದು ಒಂದು ಎನ್‌ಕೋಡಿಂಗ್ ಅಲ್ಲ, ಎರಡು. ಬದಲಾಯಿಸುವ ಆಜ್ಞೆಗೆ ಅದು ಗೊತ್ತಿರುವುದಿಲ್ಲ. ನೀವು "ಇದು ಲ್ಯಾಟಿನ್-1" ಎಂದರೆ ಇಡೀ ಫೈಲೇ ಲ್ಯಾಟಿನ್-1 ಎಂದು ನಂಬುತ್ತದೆ. ಆಗಲೇ ಯುಟಿಎಫ್-8ರಲ್ಲಿದ್ದ ಸಾಲುಗಳನ್ನೂ ಮತ್ತೊಮ್ಮೆ ಬದಲಾಯಿಸಿಬಿಡುತ್ತದೆ.

ಚೇಂಜ್‌ಲಾಗ್, ಲೇಖಕರ ಪಟ್ಟಿ, ಕೃತಜ್ಞತೆಯ ಪಟ್ಟಿ, ಅನುವಾದದ ಫೈಲುಗಳಲ್ಲಿ ಇದು ಜಾಸ್ತಿ. ವರ್ಷಗಟ್ಟಲೆ ಬೇರೆ ಬೇರೆ ಜನ, ಬೇರೆ ಬೇರೆ ಎಡಿಟರಿನಿಂದ ಒಂದೊಂದು ಸಾಲು ಸೇರಿಸಿರುತ್ತಾರೆ. ಹಾಗಾಗಿ ಎನ್‌ಕೋಡಿಂಗನ್ನು ಫೈಲಿನ ಲೆಕ್ಕದಲ್ಲಿ ನೋಡದೆ ಸಾಲಿನ ಲೆಕ್ಕದಲ್ಲಿ ನೋಡಬೇಕು.

ಮೊದಲು ಕೆಲವು ಪದಗಳು

ಫೈಲಿನಲ್ಲಿ ನಿಜವಾಗಿ ಇರುವುದು ಬೈಟ್‌ಗಳು, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳು. ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಕಟ್ಟಳೆಯೇ ಎನ್‌ಕೋಡಿಂಗ್. ತಾನು ಯಾವ ಎನ್‌ಕೋಡಿಂಗಿನಲ್ಲಿದ್ದೇನೆ ಎಂದು ಸಾದಾ ಪಠ್ಯದ ಫೈಲು ಎಲ್ಲೂ ಬರೆದುಕೊಂಡಿರುವುದಿಲ್ಲ. ಎಲ್ಲ ತೊಂದರೆಯ ಮೂಲ ಇದೇ.

ಆಸ್ಕಿ: 0ರಿಂದ 127ರವರೆಗಿನ 128 ಗುರುತುಗಳು. ಇಂಗ್ಲಿಷ್ ಅಕ್ಷರ, ಅಂಕಿ, ಸಾಮಾನ್ಯ ಚಿಹ್ನೆಗಳು ಇಷ್ಟರಲ್ಲೇ ಮುಗಿಯುತ್ತವೆ. ಈ ಭಾಗ ಲ್ಯಾಟಿನ್-1, ವಿಂಡೋಸ್-1252, ಯುಟಿಎಫ್-8 ಮೂರರಲ್ಲೂ ಒಂದೇ.

ಲ್ಯಾಟಿನ್-1: ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ್ದು. ಐಎಸ್ಒ-8859-1 ಎಂಬುದು ಇದರ ಅಧಿಕೃತ ಹೆಸರು. ಒಂದು ಬೈಟಿಗೆ ಒಂದು ಅಕ್ಷರ.

ವಿಂಡೋಸ್-1252: ಹೆಚ್ಚುಕಡಿಮೆ ಲ್ಯಾಟಿನ್-1ರ ಹಾಗೆಯೇ. ವ್ಯತ್ಯಾಸ ಇರುವುದು 128ರಿಂದ 159ರವರೆಗೆ ಮಾತ್ರ. ಲ್ಯಾಟಿನ್-1ರಲ್ಲಿ ಅಲ್ಲಿರುವುದು ಯಾರೂ ಬಳಸದ ನಿಯಂತ್ರಣ ಸಂಕೇತಗಳು. ವಿಂಡೋಸ್-1252ರಲ್ಲಿ ಬಾಗಿದ ಉದ್ಧರಣ ಚಿಹ್ನೆಗಳು, ಉದ್ದ ಗೆರೆ, ಯೂರೋ ಚಿಹ್ನೆ ಇತ್ಯಾದಿ ಅಲ್ಲಿ ಕೂತಿವೆ.

ಯುಟಿಎಫ್-8: ಯೂನಿಕೋಡಿನ, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳನ್ನೆಲ್ಲ ಬರೆಯಬಲ್ಲ ಎನ್‌ಕೋಡಿಂಗ್. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು. ಅಕ್ಷರಕ್ಕೆ 1ರಿಂದ 4 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 127ಕ್ಕಿಂತ ದೊಡ್ಡ ಬೈಟ್‌ಗಳು ಇದರಲ್ಲಿ ಮನಸ್ಸಿಗೆ ಬಂದಂತೆ ಬರುವಂತಿಲ್ಲ, ನಿಗದಿತ ಗುಂಪುಗಳಲ್ಲಿಯೇ ಬರಬೇಕು.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲ್ಯಾಟಿನ್-1 ಎಂದು ಓದಿದರೆ ಯಾವ ಫೈಲೂ ತಪ್ಪು ತೋರಿಸುವುದಿಲ್ಲ, ಏಕೆಂದರೆ 256 ಬೈಟಿಗೂ ಅದರಲ್ಲಿ ಜಾಗವಿದೆ. ಚಿತ್ರದ ಫೈಲು ಕೊಟ್ಟರೂ ಓದಿಬಿಡುತ್ತದೆ! ಯುಟಿಎಫ್-8 ಹಾಗಲ್ಲ, ತಪ್ಪಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಆದ್ದರಿಂದ "ಲ್ಯಾಟಿನ್-1 ಎಂದು ಕೊಟ್ಟೆ, ಯಾವ ದೋಷವೂ ಬರಲಿಲ್ಲ" ಎಂದರೆ ಏನೂ ಸಾಬೀತಾಗಲಿಲ್ಲ. "ಯುಟಿಎಫ್-8 ಎಂದು ಕೊಟ್ಟೆ, ದೋಷ ಬರಲಿಲ್ಲ" ಎಂದರೆ ಬಹುತೇಕ ಖಚಿತ.

ಏನೇನು ಬೇಕು?

ಗಿಟ್ (ಫೈಲುಗಳ ಬದಲಾವಣೆಯ ಇತಿಹಾಸ ಕಾಯುವ ಸಾಧನ), ಪೈಥಾನ್ 3, ಮತ್ತು ಲಿನಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಫೈಲ್, ಗ್ರೆಪ್, ಐಕಾನ್ವ್ ಆಜ್ಞೆಗಳು. ಬೈಟ್‌ಗಳನ್ನು ಹಾಗೆಹಾಗೆಯೇ ತೋರಿಸುವ ಎಕ್ಸ್‌ಎಕ್ಸ್‌ಡಿ ಇದ್ದರೆ ಒಳ್ಳೆಯದು. ಮೋರ್‌ಯುಟಿಲ್ಸ್ ಎಂಬ ಪ್ಯಾಕೇಜಿನ ಜೊತೆ ಬರುವ ಈಸ್‌ಯುಟಿಎಫ್8 ಎಂಬ ಪುಟ್ಟ ಆಜ್ಞೆಯೂ ಉಪಯೋಗಕ್ಕೆ ಬರುತ್ತದೆ.

1. ಬೇರೆ ಶಾಖೆಯಲ್ಲಿ ಕೆಲಸ ಮಾಡಿ

ಗಿಟ್‌ನಲ್ಲಿ ಹೊಸ ಶಾಖೆ ತೆಗೆಯಿರಿ. ಎನ್‌ಕೋಡಿಂಗ್ ಬಿಟ್ಟು ಬೇರೇನನ್ನೂ ಇದರಲ್ಲಿ ಮುಟ್ಟಬೇಡಿ. ಸಾಲಿನ ಕೊನೆಯ ಗುರುತು ಬದಲಾಯಿಸುವುದು, ಕಾಗುಣಿತ ತಿದ್ದುವುದು, ಸಾಲು ಮಡಚುವುದು ಎಲ್ಲ ಆಮೇಲೆ. ಒಟ್ಟಿಗೆ ಮಾಡಿದರೆ ಯಾವ ಬೈಟ್ ಯಾಕೆ ಬದಲಾಯಿತು ಎಂದು ಪತ್ತೆ ಹಚ್ಚಲು ಆಗುವುದಿಲ್ಲ.

2. ಫೈಲುಗಳನ್ನು ವಿಂಗಡಿಸಿ

ಫೈಲ್ ಆಜ್ಞೆಗೆ ಮೈಮ್-ಎನ್‌ಕೋಡಿಂಗ್ ಆಯ್ಕೆ ಕೊಟ್ಟು ಎಲ್ಲ ದಾಖಲೆಗಳ ಮೇಲೂ ಓಡಿಸಿ. ಯುಎಸ್-ಆಸ್ಕಿ ಎಂದು ಬಂದವನ್ನು ಪಕ್ಕಕ್ಕಿಡಿ, ಅವು ಆಗಲೇ ಸರಿಯಾದ ಯುಟಿಎಫ್-8 ಕೂಡ ಹೌದು. ಯುಟಿಎಫ್-8 ಎಂದು ಬಂದವು ಎರಡನೇ ಗುಂಪು. ಐಎಸ್ಒ-8859-1, ಅನ್‌ನೋನ್-8ಬಿಟ್, ಬೈನರಿ, ಯುಟಿಎಫ್-16 ಎಂದು ಬಂದವು ನಿಮ್ಮ ಕೆಲಸದ ಗುಂಪು.

ಆದರೆ ಈ ಆಜ್ಞೆ ಮಾಡುವುದು ಊಹೆ. ಫೈಲಿಗೆ ಒಂದೇ ಉತ್ತರ ಕೊಡುತ್ತದೆ, "ಎರಡು ಬೆರೆತಿದೆ" ಎಂದು ಎಂದೂ ಹೇಳುವುದಿಲ್ಲ. ಬೆರಕೆ ಫೈಲುಗಳು ಅನ್‌ನೋನ್-8ಬಿಟ್ ಅಥವಾ ಐಎಸ್ಒ-8859-1 ಎಂಬ ಹೆಸರಿನಡಿ ಅಡಗಿರುತ್ತವೆ. ಮಧ್ಯ ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-2 ಫೈಲನ್ನೂ ಅದು 8859-1 ಎಂದೇ ಕರೆಯಬಹುದು.

ಇಲ್ಲಿ ಎರಡು ಬಲೆಗಳಿವೆ. ಜಪಾನೀ ದಾಖಲೆಗಳಲ್ಲಿ ಕಾಣುವ ಐಎಸ್ಒ-2022-ಜೆಪಿ ಎನ್‌ಕೋಡಿಂಗ್ 127ರ ಒಳಗಿನ ಬೈಟ್‌ಗಳನ್ನು ಮಾತ್ರ ಬಳಸುತ್ತದೆ. ಹಾಗಾಗಿ ಆಸ್ಕಿ ಪರೀಕ್ಷೆಯಲ್ಲೂ ಪಾಸು, ಯುಟಿಎಫ್-8 ಪರೀಕ್ಷೆಯಲ್ಲೂ ಪಾಸು! ಅದನ್ನು ಹಿಡಿಯಲು ಬೈಟ್ 27, ಅಂದರೆ ಎಸ್ಕೇಪ್ ಸಂಕೇತವನ್ನು ಹುಡುಕಿ. ಇನ್ನೊಂದು ಯುಟಿಎಫ್-16. ಇದರಲ್ಲಿ ಇಂಗ್ಲಿಷ್ ಪಠ್ಯದ ಒಂದು ಬೈಟ್ ಬಿಟ್ಟು ಒಂದು ಬೈಟ್ ಸೊನ್ನೆಯಾಗಿರುತ್ತದೆ. ಸೊನ್ನೆ ಬೈಟ್ ಕಂಡರೆ ಗಿಟ್ ಆ ಫೈಲನ್ನು ಬೈನರಿ ಎಂದುಕೊಳ್ಳುತ್ತದೆ, ವ್ಯತ್ಯಾಸ ತೋರಿಸುವುದೇ ಇಲ್ಲ. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ">" ಚಿಹ್ನೆ ಬಳಸಿ ಫೈಲಿಗೆ ಬರೆದರೆ ಯುಟಿಎಫ್-16 ಆಗಿಯೇ ಉಳಿಯುತ್ತದೆ. ಸಹಾಯದ ಪಠ್ಯವನ್ನು ಹೀಗೆ ಫೈಲಿಗಿಳಿಸಿ ದಾಖಲೆಗೆ ಸೇರಿಸಿದವರು ಬಹಳ ಜನ.

3. ತಪ್ಪಿರುವ ಸಾಲುಗಳನ್ನು ಪಟ್ಟಿ ಮಾಡಿ

ಮೂರನೇ ಗುಂಪಿನ ಒಂದೊಂದು ಫೈಲಿನಲ್ಲೂ ಯುಟಿಎಫ್-8 ಅಲ್ಲದ ಸಾಲುಗಳು ಯಾವುವು ಎಂದು ನೋಡಬೇಕು. ಗ್ರೆಪ್‌ಗೆ ಎನ್, ಎ, ಎಕ್ಸ್, ವಿ ಎಂಬ ನಾಲ್ಕು ಸಣ್ಣಕ್ಷರದ ಆಯ್ಕೆ ಕೊಟ್ಟು, ಹುಡುಕುವ ಮಾದರಿಯಾಗಿ '.*' ಕೊಡಿ. "ಇಡೀ ಸಾಲು ಸರಿಯಾದ ಅಕ್ಷರಗಳಿಂದ ಆಗಿರದಿದ್ದರೆ, ಸಾಲಿನ ಸಂಖ್ಯೆಯ ಜೊತೆ ತೋರಿಸು" ಎಂದು ಇದರ ಅರ್ಥ. ನಿಮ್ಮ ಟರ್ಮಿನಲ್ಲಿನ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರದ ಸೆಟ್ಟಿಂಗ್, ಯುಟಿಎಫ್-8 ಆಗಿರಲೇಬೇಕು. 'ಸಿ' ಲೊಕೇಲ್‌ನಲ್ಲಿ ಓಡಿಸಿದರೆ ಏನೂ ಸಿಗುವುದಿಲ್ಲ, ಎಲ್ಲ ಸರಿಯಿದೆ ಎಂದು ಸುಮ್ನೆ ಖುಷಿಪಡುತ್ತೀರಿ. ಈಸ್‌ಯುಟಿಎಫ್8 ಆಜ್ಞೆ ಮೊದಲ ತಪ್ಪು ಯಾವ ಸಾಲಿನಲ್ಲಿದೆ ಎಂದು ಹೇಳುತ್ತದೆ.

ಈಗ ಇನ್ನೊಂದು ಪಟ್ಟಿ: 127ಕ್ಕಿಂತ ದೊಡ್ಡ ಬೈಟ್ ಇರುವ ಎಲ್ಲ ಸಾಲುಗಳು. ಎರಡೂ ಪಟ್ಟಿ ಒಂದೇ ಆಗಿದ್ದರೆ ಫೈಲಿನಲ್ಲಿ ಯುಟಿಎಫ್-8 ಇಲ್ಲ, ಬಹುಶಃ ಒಂದೇ ಹಳೆಯ ಎನ್‌ಕೋಡಿಂಗ್ ಇದೆ. ಎರಡನೆಯದು ಉದ್ದವಾಗಿದ್ದರೆ ಅದು ಬೆರಕೆ ಫೈಲು.

4. ಹಳೆಯ ಸಾಲು ಯಾವ ಎನ್‌ಕೋಡಿಂಗಿನದು ಎಂದು ಗುರುತಿಸಿ

ಯಂತ್ರಕ್ಕಿಂತ ಮನುಷ್ಯನ ಕಣ್ಣು ಮುಖ್ಯವಾಗುವ ಹಂತ ಇದು. ಅವಸರ ಮಾಡಬೇಡಿ.

145ರಿಂದ 151ರವರೆಗಿನ ಬೈಟ್‌ಗಳು ಪದಗಳ ಅಕ್ಕಪಕ್ಕ ಇದ್ದರೆ ಅದು ಬಹುತೇಕ ವಿಂಡೋಸ್-1252. ಯಾರೋ ವರ್ಡ್ ಪ್ರೊಸೆಸರಿನಿಂದ ಎತ್ತಿ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆ ಅಥವಾ ಉದ್ದ ಗೆರೆ ಅದು. ಇಂಥ ಸಾಲನ್ನು ಲ್ಯಾಟಿನ್-1 ಎಂದು ಬದಲಾಯಿಸಿದರೆ ದೋಷ ಬರುವುದಿಲ್ಲ, ಆದರೆ ಚಿಹ್ನೆಗಳ ಜಾಗದಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳು ಉಳಿಯುತ್ತವೆ. ಅನುಮಾನವಿದ್ದಾಗ ಲ್ಯಾಟಿನ್-1 ಬದಲು ವಿಂಡೋಸ್-1252 ಎಂದೇ ಹಿಡಿಯಿರಿ.

ಜನರ ಹೆಸರುಗಳಲ್ಲಿ ಇನ್ನೂ ಎಚ್ಚರ ಬೇಕು. ಬೈಟ್ 248 ಲ್ಯಾಟಿನ್-1ರಲ್ಲಿ ಓರೆಗೆರೆ ಎಳೆದ 'ಓ'. ಡ್ಯಾನಿಶ್, ನಾರ್ವೇಜಿಯನ್ ಹೆಸರುಗಳಲ್ಲಿ ಬರುತ್ತದೆ. ಅದೇ ಬೈಟ್ ಲ್ಯಾಟಿನ್-2ರಲ್ಲಿ ಚೆಕ್ ಹೆಸರುಗಳ, ಮೇಲೆ ಕೊಕ್ಕೆಯಿರುವ 'ಆರ್'. ಬೈಟ್ 179 ಲ್ಯಾಟಿನ್-1ರಲ್ಲಿ ಮೇಲೇರಿದ ಸಣ್ಣ 3, ಲ್ಯಾಟಿನ್-2ರಲ್ಲಿ ಪೋಲಿಶ್‌ನ ಗೆರೆ ಎಳೆದ 'ಎಲ್'. ಹೆಸರಿನ ನಟ್ಟನಡುವೆ ಸಣ್ಣ 3 ಕಂಡರೆ ಅದು ಪೋಲಿಶ್ ಹೆಸರೇ ಇರಬೇಕು, ಅಲ್ವಾ?

ಗಿಟ್ ಬ್ಲೇಮ್ ಓಡಿಸಿ ಆ ಸಾಲನ್ನು ಸೇರಿಸಿದವರು ಯಾರು ಎಂದು ನೋಡಿ. ಅದೇ ವ್ಯಕ್ತಿಯ ಹೆಸರು ಬೇರೆ ಕಡೆ ಸರಿಯಾಗಿದ್ದರೆ ನಿಮ್ಮ ಊಹೆಯನ್ನು ತಾಳೆ ನೋಡಬಹುದು. ಯಾರದೋ ಹೆಸರನ್ನು ತಪ್ಪಾಗಿ "ಸರಿಪಡಿಸುವುದಕ್ಕಿಂತ" ಆ ಒಂದು ಸಾಲನ್ನು ಸದ್ಯಕ್ಕೆ ಬಿಡುವುದೇ ವಾಸಿ.

ವಜ್ರಾಕಾರದೊಳಗೆ ಪ್ರಶ್ನಾರ್ಥಕ ಇರುವ ಗುರುತು ಕಂಡರೆ ಎಕ್ಸ್‌ಎಕ್ಸ್‌ಡಿಯಲ್ಲಿ ಬೈಟ್ ನೋಡಿ. ಅದು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಇಲ್ಲಿರುವ ಸಂಖ್ಯೆಗಳಿಗೆ ಹೊಂದಿಸಿಕೊಳ್ಳಿ. 239, 191, 189 ಎಂಬ ಮೂರು ಬೈಟ್ ಫೈಲಿನಲ್ಲೇ ಇದ್ದರೆ ಮೂಲ ಅಕ್ಷರ ಹೋಗಿಯೇಬಿಟ್ಟಿದೆ. ಯಾವ ಪರಿವರ್ತನೆಯೂ ಅದನ್ನು ತರುವುದಿಲ್ಲ, ಗಿಟ್ ಇತಿಹಾಸದಲ್ಲಿ ಹಳೆಯ ಪ್ರತಿ ಹುಡುಕಬೇಕು. ಫೈಲಿನಲ್ಲಿ ಬೇರೆ ಬೈಟ್ ಇದ್ದು ಪರದೆಯ ಮೇಲೆ ಮಾತ್ರ ಹಾಗೆ ಕಾಣುತ್ತಿದ್ದರೆ ಚಿಂತೆಯಿಲ್ಲ. ಆದರೆ ಆ ಎಡಿಟರಿನಲ್ಲಿ ಸೇವ್ ಒತ್ತಬೇಡಿ!

5. ಒಂದೇ ಎನ್‌ಕೋಡಿಂಗ್ ಇರುವ ಫೈಲುಗಳನ್ನು ಮುಗಿಸಿ

ಇವು ಸುಲಭ. ಐಕಾನ್ವ್‌ಗೆ ಎಫ್ ಆಯ್ಕೆಯಲ್ಲಿ ಮೂಲ ಎನ್‌ಕೋಡಿಂಗ್, ಟಿ ಆಯ್ಕೆಯಲ್ಲಿ ಯುಟಿಎಫ್-8 ಕೊಟ್ಟು, ಫಲಿತಾಂಶವನ್ನು ಬೇರೆ ಹೆಸರಿನ ಫೈಲಿಗೆ ಬರೆಯಿರಿ. ">" ಬಳಸಿ ಅದೇ ಫೈಲಿಗೆ ಬರೆಯಲು ಹೋದರೆ, ಐಕಾನ್ವ್ ಓದುವ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿರುತ್ತದೆ.

ದೋಷ ಬಂತೆಂದು ಸಿ ಆಯ್ಕೆ ಸೇರಿಸುವುದು ಬೇಡ. ಅದು ಹೊಂದದ ಅಕ್ಷರಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ದೋಷ ಬಂದರೆ ನಾಲ್ಕನೇ ಹಂತದ ಊಹೆ ತಪ್ಪಿದೆ ಎಂದರ್ಥ, ಅಲ್ಲಿಗೇ ಹಿಂತಿರುಗಿ.

6. ಬೆರಕೆ ಫೈಲನ್ನು ಸಾಲು ಸಾಲಾಗಿ ತಿದ್ದಿ

ಇದಕ್ಕೆ ಇಪ್ಪತ್ತು ಸಾಲಿನ ಪೈಥಾನ್ ಕೋಡ್ ಸಾಕು. ಅದರ ಕ್ರಮ ಹೀಗಿರಲಿ:

ಅ) ಫೈಲನ್ನು ಬೈಟ್ ರೂಪದಲ್ಲೇ ತೆರೆಯಿರಿ, ಪಠ್ಯವಾಗಿ ಅಲ್ಲ.

ಆ) ಬೈಟ್ 10ರಲ್ಲಿ, ಅಂದರೆ ಹೊಸ ಸಾಲಿನ ಗುರುತಿನಲ್ಲಿ, ಸಾಲುಗಳಾಗಿ ಒಡೆಯಿರಿ.

ಇ) ಪ್ರತಿ ಸಾಲನ್ನೂ ಮೊದಲು ಕಟ್ಟುನಿಟ್ಟಾದ ಯುಟಿಎಫ್-8 ಎಂದು ಓದಲು ನೋಡಿ. ಓದಲು ಬಂದರೆ ಹಾಗೆಯೇ ಬಿಡಿ.

ಈ) ಬರದಿದ್ದರೆ ಮಾತ್ರ ವಿಂಡೋಸ್-1252 ಎಂದು ಓದಿ. ಯಾವುದೋ ಸಾಲು ಲ್ಯಾಟಿನ್-2 ಎಂದು ಆಗಲೇ ಗುರುತಿಸಿದ್ದರೆ, ಸಾಲಿನ ಸಂಖ್ಯೆ ಮತ್ತು ಎನ್‌ಕೋಡಿಂಗಿನ ಒಂದು ಸಣ್ಣ ಪಟ್ಟಿಯನ್ನು ಕೋಡಿನಲ್ಲೇ ಇಟ್ಟು ಅದರಂತೆ ಓದಿಸಿ.

ಉ) ಬದಲಾದ ಪ್ರತಿ ಸಾಲನ್ನೂ ಅದರ ಸಂಖ್ಯೆಯ ಜೊತೆ ಪರದೆಗೆ ಮುದ್ರಿಸಿ. ಕೊನೆಗೆ ಎಲ್ಲವನ್ನೂ ಯುಟಿಎಫ್-8ರಲ್ಲಿ ಹೊಸ ಫೈಲಿಗೆ ಬರೆಯಿರಿ.

ಯುಟಿಎಫ್-8 ಮೊದಲು ಏಕೆ ಎಂದು ಆಗಲೇ ಗೊತ್ತಾಗಿರಬೇಕು. ತಪ್ಪಿದ್ದರೆ ಅದು ದೋಷ ತೋರಿಸುತ್ತದೆ. ಕ್ರಮವನ್ನು ತಿರುಗಿಸಿ ಲ್ಯಾಟಿನ್-1 ಮೊದಲು ಇಟ್ಟರೆ ಎರಡನೆಯದಕ್ಕೆ ಸರದಿಯೇ ಬರುವುದಿಲ್ಲ.

ಮೊದಲು ಪಠ್ಯವಾಗಿ ಓದಿ ಆಮೇಲೆ ಸಾಲು ಒಡೆದರೆ ಒಂದು ವಿಚಿತ್ರ ತೊಂದರೆ ಕಾಣುತ್ತದೆ. ವಿಂಡೋಸ್-1252ರಲ್ಲಿ ಬೈಟ್ 133 ಎಂದರೆ ಮೂರು ಚುಕ್ಕಿಯ ಗುರುತು. ಅದನ್ನು ಲ್ಯಾಟಿನ್-1 ಎಂದು ಓದಿದರೆ ಯೂನಿಕೋಡಿನ "ಮುಂದಿನ ಸಾಲು" ಸಂಕೇತವಾಗುತ್ತದೆ. ಪೈಥಾನ್‌ನ ಸ್ಪ್ಲಿಟ್‌ಲೈನ್ಸ್ ಅಲ್ಲಿ ಸಾಲನ್ನು ಮುರಿದುಬಿಡುತ್ತದೆ. ಬೈಟ್ ರೂಪದಲ್ಲಿ ಒಡೆದರೆ ಈ ಗೋಳಿಲ್ಲ.

ಒಂದೇ ಸಾಲಿನೊಳಗೆ ಎರಡೂ ಎನ್‌ಕೋಡಿಂಗ್ ಇದ್ದರೆ? ಲೇಖಕರ ಹೆಸರುಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆದ ಕಡೆ ಹೀಗಾಗುತ್ತದೆ. ಆಗ ಪೈಥಾನ್‌ನ ಕೋಡೆಕ್ಸ್ ಮಾಡ್ಯೂಲಿನಲ್ಲಿ ನಿಮ್ಮದೇ ದೋಷ ನಿರ್ವಾಹಕವನ್ನು, ಅಂದರೆ ಓದಲಾಗದ ಬೈಟ್ ಸಿಕ್ಕಾಗ ಏನು ಮಾಡಬೇಕೆಂದು ಹೇಳುವ ಫಂಕ್ಷನನ್ನು, ನೋಂದಾಯಿಸಬಹುದು. ಸರಿಯಾದ ಯುಟಿಎಫ್-8 ತುಣುಕುಗಳನ್ನು ಅದು ಮುಟ್ಟುವುದಿಲ್ಲ, ಕೆಟ್ಟ ಬೈಟ್‌ಗಳನ್ನು ಮಾತ್ರ ವಿಂಡೋಸ್-1252 ಎಂದು ಓದುತ್ತದೆ. ಹಾಗಾದರೆ ಎಲ್ಲ ಸಾಲಿಗೂ ಇದನ್ನೇ ಬಳಸಬಾರದೇ? ಬಳಸಬಹುದು, ಆದರೆ ನನಗೆ ಸಾಲಿನ ಲೆಕ್ಕವೇ ಇಷ್ಟ. ಸಾಮಾನ್ಯವಾಗಿ ಒಂದು ಸಾಲನ್ನು ಬರೆದವರು ಒಬ್ಬರೇ, ಹಳೆಯ ಬೈಟ್‌ಗಳು ಆಕಸ್ಮಿಕವಾಗಿ ಯುಟಿಎಫ್-8ಕ್ಕೆ ಹೊಂದಿಬಿಡುವ ಅವಕಾಶವೂ ಕಡಿಮೆ. ತುಣುಕಿನ ಲೆಕ್ಕ ನಿಜಕ್ಕೂ ಬೆರೆತ ಸಾಲುಗಳಿಗಷ್ಟೇ ಇರಲಿ.

7. ಎರಡು ಸಲ ಬದಲಾದ ಪಠ್ಯವನ್ನು ಬಿಡಿಸಿ

ಇಲ್ಲಿಯವರೆಗೆ ಎರಡನೇ ಗುಂಪನ್ನು, ಅಂದರೆ "ಸರಿಯಾದ" ಯುಟಿಎಫ್-8 ಫೈಲುಗಳನ್ನು ಮುಟ್ಟಿಲ್ಲ. ಅಲ್ಲೂ ಕಸ ಇರಬಹುದು. ಹಿಂದೊಮ್ಮೆ ಯಾರೋ ಯುಟಿಎಫ್-8 ಪಠ್ಯವನ್ನು ವಿಂಡೋಸ್-1252 ಎಂದು ತಪ್ಪಾಗಿ ಓದಿ, ಮತ್ತೆ ಯುಟಿಎಫ್-8ರಲ್ಲಿ ಉಳಿಸಿರುತ್ತಾರೆ. ಬೈಟ್‌ಗಳ ಮಟ್ಟದಲ್ಲಿ ಯಾವ ದೋಷವೂ ಇಲ್ಲ, ಓದಲು ಹೋದರೆ ಅರ್ಥವಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಬಾಗಿದ ಒಂಟಿ ಉದ್ಧರಣದ ಜಾಗದಲ್ಲಿ ಟೋಪಿ ಹಾಕಿದ 'ಎ', ಪಕ್ಕದಲ್ಲಿ €, ಅದರ ಪಕ್ಕ ™ ಕಾಣುತ್ತದೆ. ಕನ್ನಡ ಪಠ್ಯವಾದರೆ ಓರೆ ಗೆರೆಯಿರುವ 'ಎ' ಮತ್ತು ಮೇಲೇರಿದ ಸಣ್ಣ 2 ಅಥವಾ 3ರ ಜೋಡಿ ಸಾಲು ತುಂಬ ಹರಡಿರುತ್ತದೆ. ಕನ್ನಡದ ಅಕ್ಷರಗಳೆಲ್ಲ 224, 178 ಅಥವಾ 224, 179 ಎಂಬ ಬೈಟ್‌ಗಳಿಂದ ಶುರುವಾಗುವುದೇ ಇದಕ್ಕೆ ಕಾರಣ.

ಬಿಡಿಸುವುದು ಎಂದರೆ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುವುದು. ಯುಟಿಎಫ್-8 ಎಂದು ಓದಿ, ವಿಂಡೋಸ್-1252 ಆಗಿ ಬರೆಯಿರಿ. ಹೊರಬರುವ ಬೈಟ್‌ಗಳು ಮೂಲ ಯುಟಿಎಫ್-8 ಆಗಿರುತ್ತವೆ. ಆದರೆ ಇದನ್ನೂ ಕೆಟ್ಟ ಸಾಲುಗಳಿಗೆ ಮಾತ್ರ ಮಾಡಬೇಕು.

ಇಲ್ಲಿ ಎಡವುವವರು ಬಹಳ. ವಿಂಡೋಸ್-1252ರಲ್ಲಿ 129, 141, 143, 144, 157 ಎಂಬ ಐದು ಜಾಗ ಖಾಲಿ. ಬಾಗಿದ ಜೋಡಿ ಉದ್ಧರಣದ ಮುಚ್ಚುವ ಚಿಹ್ನೆಯ ಕೊನೆಯ ಬೈಟ್ 157, ಹಾಗಾಗಿ ತೆರೆಯುವ ಚಿಹ್ನೆ ಸರಿಹೋಗಿ ಮುಚ್ಚುವ ಚಿಹ್ನೆ ದೋಷ ಕೊಡುತ್ತದೆ. ಕನ್ನಡದಲ್ಲಂತೂ ಪಾಡು ಹೇಳಲಾಗದು. ಒತ್ತಕ್ಷರಕ್ಕೆ ಬೇಕಾದ '್' ಗುರುತಿನ ಕೊನೆಯ ಬೈಟ್ 141, 'ು' ಗುರುತಿನದು 129, 'ಏ' 143, 'ಐ' 144, 'ಝ' 157. ಐದೂ ಖಾಲಿ ಜಾಗಗಳೇ! ಹೀಗಾಗಿ ಐಕಾನ್ವ್ ಅಥವಾ ಪೈಥಾನ್‌ನ ಕಟ್ಟುನಿಟ್ಟಿನ ಕೋಡೆಕ್ (ಎನ್‌ಕೋಡಿಂಗ್ ಓದಿ ಬರೆಯುವ ಭಾಗ) ಬಳಸಿದರೆ ಕನ್ನಡದ ಒಂದು ವಾಕ್ಯವೂ ದಾಟುವುದು ಕಷ್ಟ. ವಿಂಡೋಸ್ ತಾನು ಓದುವಾಗ ಈ ಐದನ್ನು ಅದೇ ಸಂಖ್ಯೆಯ ನಿಯಂತ್ರಣ ಸಂಕೇತಗಳಾಗಿ ಬಿಟ್ಟಿರುತ್ತದೆ. ನೀವೂ ಹಿಂದಕ್ಕೆ ಹೋಗುವಾಗ ಹಾಗೆಯೇ ಮಾಡಬೇಕು. ಪೈಥಾನ್‌ನ ಎಫ್‌ಟಿಎಫ್‌ವೈ ಲೈಬ್ರರಿ ಇದನ್ನೇ ಮಾಡುವ ಸಡಿಲ ಕೋಡೆಕ್ ಇಟ್ಟುಕೊಂಡಿದೆ. ಆದರೆ ಅದರ ಸ್ವಯಂಚಾಲಿತ ತಿದ್ದುಪಡಿಯನ್ನು ಇಡೀ ಫೈಲಿಗೆ ಬಿಡಬೇಡಿ, ಅದು ಉದ್ಧರಣ ಚಿಹ್ನೆಗಳನ್ನೂ ತನಗೆ ಬೇಕಾದಂತೆ ನೇರ ಮಾಡುತ್ತದೆ. ಆ ಆಯ್ಕೆಯನ್ನು ಮುಚ್ಚಿ ಬಳಸಿ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಬೇರೆಯೇ ಕತೆ. ಅಲ್ಲಿ ಫೈಲಿನಲ್ಲಿರುವುದು ಲ್ಯಾಟಿನ್ ಅಕ್ಷರಗಳೇ, ಫಾಂಟ್ ಮಾತ್ರ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಈ ಲೇಖನದ ಯಾವ ಹಂತವೂ ಅದಕ್ಕೆ ನಡೆಯುವುದಿಲ್ಲ, ಆ ಫಾಂಟಿಗೆಂದೇ ಮಾಡಿದ ಪರಿವರ್ತಕ ಬೇಕು.

8. ಫೈಲಿನೊಳಗಿನ ಘೋಷಣೆಗಳನ್ನು ಬದಲಾಯಿಸಿ

ಬೈಟ್ ಬದಲಾಯಿತು, ಆದರೆ ಫೈಲಿನ ತಲೆಯಲ್ಲಿ ಹಳೆಯ ಹೆಸರೇ ಉಳಿದರೆ ಮತ್ತೆ ಅದೇ ಗೋಳು. ಎಚ್‌ಟಿಎಂಎಲ್‌ನಲ್ಲಿ ಮೆಟಾ ಚಾರ್‌ಸೆಟ್ ನೋಡಿ, ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೆ ಇರಬೇಕು. ಎಕ್ಸ್‌ಎಂಎಲ್, ಡಾಕ್‌ಬುಕ್ ಫೈಲುಗಳಲ್ಲಿ ಮೊದಲ ಸಾಲಿನ ಎನ್‌ಕೋಡಿಂಗ್ ನೋಡಿ. ಲೇಟೆಕ್‌ನಲ್ಲಿ ಇನ್‌ಪುಟ್‌ಎನ್‌ಕ್ ಪ್ಯಾಕೇಜಿನ ಆಯ್ಕೆ, ಪರ್ಲ್ ಪಾಡ್‌ನಲ್ಲಿ ಎನ್‌ಕೋಡಿಂಗ್ ಸಾಲು.

ಗೆಟ್‌ಟೆಕ್ಸ್ಟ್‌ನ ಪಿಒ ಅನುವಾದ ಫೈಲುಗಳಿಗೆ ಐಕಾನ್ವ್ ಬಳಸಲೇಬೇಡಿ. ಎಂಎಸ್‌ಜಿಕಾನ್ವ್ ಎಂಬ ಆಜ್ಞೆ ಪಠ್ಯವನ್ನೂ ತಲೆಬರಹದ ಚಾರ್‌ಸೆಟ್ಟನ್ನೂ ಒಟ್ಟಿಗೆ ಬದಲಾಯಿಸುತ್ತದೆ.

ಜಾವಾದ ಪ್ರಾಪರ್ಟೀಸ್ ಫೈಲುಗಳಲ್ಲಿ ತಡೆದು ನೋಡಿ. ಜಾವಾ 8ರವರೆಗೆ ಭಾಷಾ ಸಂದೇಶಗಳ ಈ ಫೈಲುಗಳನ್ನು ಲ್ಯಾಟಿನ್-1 ಎಂದೇ ಓದಲಾಗುತ್ತಿತ್ತು, 9ರಿಂದ ಯುಟಿಎಫ್-8. ಇನ್ನೂ 8ರಲ್ಲಿ ಓಡುವ ಸಾಫ್ಟ್‌ವೇರಾದರೆ ಇವನ್ನು ಮುಟ್ಟದಿರುವುದೇ ಸರಿ.

ಬಿಒಎಂ, ಅಂದರೆ ಫೈಲಿನ ಆರಂಭದಲ್ಲಿ ಕೂರುವ 239, 187, 191 ಎಂಬ ಮೂರು ಬೈಟ್‌ಗಳ ಗುರುತು, ಯುಟಿಎಫ್-8ಕ್ಕೆ ಬೇಕಾಗಿಲ್ಲ. ತೆಗೆದುಬಿಡಿ. ಮೊದಲ ಸಾಲನ್ನು ಅಕ್ಷರಶಃ ಓದುವ ಉಪಕರಣಗಳು ಅದರಿಂದ ಮುಗ್ಗರಿಸುತ್ತವೆ. ಹಲವು ಫೈಲುಗಳನ್ನು ಜೋಡಿಸಿ ಒಂದು ಮಾಡಿದ್ದರೆ ಬಿಒಎಂ ನಡುವೆಯೂ ಸಿಕ್ಕಿಕೊಂಡಿರಬಹುದು.

9. ಪರೀಕ್ಷಿಸಿ

ಮೊದಲು ಮೂರನೇ ಹಂತದ ಗ್ರೆಪ್ ಮತ್ತೆ ಓಡಿಸಿ. ಬೇಕೆಂದೇ ಬಿಟ್ಟ ಸಾಲುಗಳನ್ನು ಹೊರತುಪಡಿಸಿ ಏನೂ ಬರಬಾರದು.

ಆಮೇಲೆ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ: ಹಳೆಯ ಮತ್ತು ಹೊಸ ಫೈಲುಗಳೆರಡರಿಂದಲೂ 127ಕ್ಕಿಂತ ದೊಡ್ಡ ಬೈಟ್‌ಗಳನ್ನೆಲ್ಲ ಟಿಆರ್ ಆಜ್ಞೆಯಿಂದ ಅಳಿಸಿ, ಉಳಿದದ್ದನ್ನು ಹೋಲಿಸಿ. ಘೋಷಣೆಯ ಸಾಲು ಬಿಟ್ಟು ಎರಡೂ ತದ್ರೂಪ ಇರಬೇಕು. ಒಂದು ಖಾಲಿ ಜಾಗ ಹೆಚ್ಚುಕಡಿಮೆಯಾದರೂ ಕೋಡ್ ಬೇರೇನನ್ನೋ ಕೆಡಿಸಿದೆ. ಮೂಲ ಶಿಫ್ಟ್-ಜಿಸ್‌ನಂಥ ಜಪಾನೀ ಎನ್‌ಕೋಡಿಂಗಿನಲ್ಲಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಜೋಡಿಯ ಎರಡನೇ ಬೈಟ್ ಆಸ್ಕಿ ವ್ಯಾಪ್ತಿಯಲ್ಲೂ ಬರುತ್ತದೆ.

ಕೊನೆಗೆ ದಾಖಲೆಯನ್ನು ನಿಜವಾಗಿ ಬಿಲ್ಡ್ ಮಾಡಿ, ಬದಲಾದ ಪ್ರತಿ ಸಾಲನ್ನೂ ಕಣ್ಣಾರೆ ಓದಿ. ಯಂತ್ರಕ್ಕೆ ಹೆಸರುಗಳು ಗೊತ್ತಿಲ್ಲ.

10. ಮತ್ತೆ ಬೆರೆಯದಂತೆ ನೋಡಿಕೊಳ್ಳಿ

ಎಡಿಟರುಗಳಿಗೆ ಸೆಟ್ಟಿಂಗ್ ಹೇಳುವ ಎಡಿಟರ್‌ಕಾನ್ಫಿಗ್ ಫೈಲಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ಬರೆದಿಡಿ. ಆದರೆ ಅದನ್ನು ಪಾಲಿಸದ ಎಡಿಟರುಗಳೂ ಇವೆ, ಅದನ್ನೇ ನಂಬಿ ಕೂರಬೇಡಿ. ಪ್ರತಿ ಬದಲಾವಣೆಯ ಮೇಲೆ ತಾನಾಗಿ ಓಡುವ ಪರೀಕ್ಷೆಗಳ ಜೊತೆಗೆ ಯುಟಿಎಫ್-8 ತಪಾಸಣೆಯನ್ನೂ ಸೇರಿಸಿ. ಮೂರನೇ ಹಂತದ ಆ ಒಂದು ಸಾಲಿನ ಗ್ರೆಪ್ ಸಾಕು. ಲೊಕೇಲ್ ಮಾತ್ರ ಮರೆಯಬೇಡಿ: ಬಿಲ್ಡ್ ಯಂತ್ರಗಳು ಹೆಚ್ಚಾಗಿ 'ಸಿ' ಲೊಕೇಲ್‌ನಲ್ಲೇ ಓಡುತ್ತವೆ.

ದಾಖಲೆಯನ್ನು ಪೈಥಾನ್ ಸ್ಕ್ರಿಪ್ಟ್ ತಯಾರಿಸುತ್ತಿದ್ದರೆ, ಫೈಲು ತೆರೆಯುವ ಪ್ರತಿ ಕಡೆಯೂ ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ವಿಂಡೋಸಿನಲ್ಲಿ ಯಂತ್ರದ ಹಳೆಯ ಎನ್‌ಕೋಡಿಂಗನ್ನೇ ಎತ್ತಿಕೊಳ್ಳುವುದುಂಟು. ಜಾವಾದಲ್ಲಿ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿ ಬರುತ್ತದೆ, ಅದಕ್ಕೂ ಹಿಂದಿನದರಲ್ಲಿ ಇಲ್ಲ.

ಈ ಪರಿವರ್ತನೆಯ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಯಿಂದ) ಗಿಟ್ ಬ್ಲೇಮ್‌ನಲ್ಲಿ ಬದಲಾದ ಎಲ್ಲ ಸಾಲೂ ನಿಮ್ಮ ಹೆಸರಿಗೆ ಬಂದು ಕೂರಬಾರದು ಎಂದಿದ್ದರೆ, ಬ್ಲೇಮ್ ಕಡೆಗಣಿಸಬೇಕಾದ ಕಮಿಟ್‌ಗಳ ಪಟ್ಟಿಗೆ ಅದರ ಗುರುತನ್ನು ಸೇರಿಸಿ. ಗಿಟ್ 2.23ರಿಂದ ಈ ಸೌಲಭ್ಯ ಇದೆ.

ಇನ್ನೂ ವಿಲೀನವಾಗದ ಹಳೆಯ ಶಾಖೆಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಇದೇ ಫೈಲು ಹಳೆಯ ಎನ್‌ಕೋಡಿಂಗಿನಲ್ಲೇ ಇದೆ. ಹಾಗೆಯೇ ವಿಲೀನ ಮಾಡಿದರೆ ಸಂಘರ್ಷ ಬರುತ್ತದೆ, ಇಲ್ಲವೇ ಹಳೆಯ ಬೈಟ್‌ಗಳ ಹೊಸ ಸಾಲು ಸದ್ದಿಲ್ಲದೆ ಒಳಗೆ ಬರುತ್ತದೆ. ವಿಲೀನಕ್ಕೆ ಮೊದಲು ಆರನೇ ಹಂತದ ಕೋಡನ್ನು ಆ ಶಾಖೆಯ ಫೈಲಿನ ಮೇಲೂ ಓಡಿಸಿ ಕಮಿಟ್ ಮಾಡಿ. ಅದಕ್ಕಾಗಿ ಆ ಕೋಡನ್ನು ರೆಪಾಸಿಟರಿಯಲ್ಲೇ ಉಳಿಸಿಡಿ. ಸಾಲಿನ ಸಂಖ್ಯೆಯ ಪಟ್ಟಿ ಮಾತ್ರ ಪ್ರತಿ ಶಾಖೆಗೂ ಬೇರೆ ಬೇಕಾಗುತ್ತದೆ.